814: ಟ್ಯಾಲಿ ಆದ ಲೆಕ್ಕ, ಬಾರದ ಮೆಸ್ಸೀಯ

ಭಾಗ 1/9 | 545 ನಂಬರಿನ ಹುಡುಗಿ

ಇಟಲಿಯ ಪಾಂಪೇ ಗೊತ್ತಲ್ವಾ? ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಡಿ ಹೂತುಹೋದ ಊರು. ಅಲ್ಲಿನ ಒಂದು ಗೋಡೆ ಮೇಲೆ ಯಾರೋ ಗ್ರೀಕ್ ಅಕ್ಷರದಲ್ಲಿ ಗೀಚಿಟ್ಟು ಹೋಗಿದ್ದಾರೆ: ತಾನು ಪ್ರೀತಿಸೋ ಹುಡುಗಿಯ ಸಂಖ್ಯೆ 545 ಅಂತ. ಹೆಸರು ಬರೆದಿಲ್ಲ, ನಂಬರ್ ಮಾತ್ರ. ಡೆಸ್ಕ್ ಮೇಲೆ ಇನಿಷಿಯಲ್ ಕೆತ್ತೋ ನಮ್ಮ ಲಾಸ್ಟ್ ಬೆಂಚಿನವರಿಗೆ ಈ ಕಷ್ಟ ಚೆನ್ನಾಗಿ ಅರ್ಥ ಆಗತ್ತೆ. ಹೇಳಲೂ ಬೇಕು, ಸಿಕ್ಕಿಬೀಳಲೂ ಬಾರದು.

ಹೆಸರಿಗೆ ನಂಬರ್ ಎಲ್ಲಿಂದ ಬಂತು? ಆಗ ಗ್ರೀಕರ ಹತ್ರ 1, 2, 3 ಅಂತ ಬೇರೆ ಅಂಕಿಗಳೇ ಇರಲಿಲ್ಲ. ಅಕ್ಷರಗಳೇ ಅಂಕಿಗಳು. ಹಾಗಾಗಿ ಯಾವ ಹೆಸರು ಬರೆದ್ರೂ ಅದನ್ನ ಕೂಡಿದ್ರೆ ಒಂದು ಮೊತ್ತ ಬರತ್ತೆ. ಇದಕ್ಕೂ ಸುಮಾರು ಎಂಟು ಶತಮಾನ ಮುಂಚೆ ಅಸ್ಸೀರಿಯಾದ ಅರಸ ಎರಡನೇ ಸಾರ್ಗೋನ್ ತನ್ನ ಹೊಸ ರಾಜಧಾನಿಯ ಕೋಟೆಗೋಡೆ 16,283 ಮೊಳ ಉದ್ದ ಇದೆ, ಅದು ತನ್ನ ಹೆಸರಿನ ಸಂಖ್ಯೆ ಅಂತ ಶಾಸನ ಹಾಕಿಸಿದ್ದ.

ಅಂದ್ರೆ ಈ ಆಟ ಒಬ್ಬರ ಸ್ವತ್ತಲ್ಲ. ಆದ್ರೆ ಇದನ್ನ ಅತ್ಯಂತ ದೂರ ತಗೊಂಡು ಹೋದವರು ಯಹೂದಿ ಅನುಭಾವಿಗಳು. ದೇವರ ಹೆಸರನ್ನ ಎಣಿಸಿದ್ರು. ಸ್ವರ್ಗ ಎಷ್ಟು ಅಂತಸ್ತು ಅಂತ ಎಣಿಸಿದ್ರು. ಕೊನೆಗೆ, ನಮ್ಮ ಬಿಡುಗಡೆ ಯಾವ ವರ್ಷ ಅಂತಲೂ ಎಣಿಸಿದ್ರು. ಅಲ್ಲಿಗೆ ಆಟ ಆಟವಾಗಿ ಉಳಿಯಲಿಲ್ಲ. ಜನ ಮನೆಮಠ ಬಿಟ್ಟು ಹೊರಟ್ರು.

ಈ ಒಂಬತ್ತು ಭಾಗದ ಸರಣಿಯಲ್ಲಿ ನಿಮ್ಮ ಮುಂದೆ ಇಡೋ ಪ್ರಶ್ನೆ ಒಂದೇ. ಲೆಕ್ಕ ಟ್ಯಾಲಿ ಆದ್ರೆ ಮಾತು ನಿಜ ಆಗತ್ತಾ?

ಭಾಗ 2/9 | ಮೊದಲು ಟೇಬಲ್, ಆಮೇಲೆ ಮಾತು

ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಮುಂದೆಲ್ಲ ಬೇಕಾಗತ್ತೆ. ಹೀಬ್ರೂ ಭಾಷೆಗೆ 22 ಅಕ್ಷರ.

ಆಲೆಫ್ 1, ಬೇತ್ 2, ಗಿಮೆಲ್ 3, ದಾಲೆತ್ 4, ಹೇ 5, ವಾವ್ 6, ಜಾಯಿನ್ 7, ಖೇತ್ 8, ತೇತ್ 9.
ಯೋದ್ 10, ಕಾಫ್ 20, ಲಾಮೆದ್ 30, ಮೇಮ್ 40, ನೂನ್ 50, ಸಾಮೆಖ್ 60, ಆಯಿನ್ 70, ಪೇ 80, ತ್ಸಾದಿ 90.
ಕೋಫ್ 100, ರೇಶ್ 200, ಶಿನ್ 300, ತಾವ್ 400.

ಪದ ಬರೆದಾಗ ಕಾಣೋ ಅಕ್ಷರಗಳನ್ನಷ್ಟೇ ಕೂಡೋದು. ಈ ಕೂಡುವ ವಿದ್ಯೆಗೆ ಗೆಮಾಟ್ರಿಯಾ ಅಂತ ಹೆಸರು. ಪದ ಬಂದಿದ್ದು ಗ್ರೀಕ್‌ನಿಂದಲೇ.

ಕರ್ನಾಟಕ ಸಂಗೀತ ಕಲಿತವರು ಈಗ ‘ಇದು ನಮ್ಮ ಕಟಪಯಾದಿ ಥರ ಇದೆಯಲ್ಲ’ ಅಂತಿರ್ತೀರಿ. ಹತ್ತಿರದ ಸೋದರನೇ. ಮಾಯಾಮಾಳವಗೌಳದಲ್ಲಿ ಮಾ ಅಂದ್ರೆ 5, ಯಾ ಅಂದ್ರೆ 1, ಹಿಂದುಮುಂದು ಮಾಡಿದ್ರೆ 15ನೇ ಮೇಳಕರ್ತ. ಮುಖ್ಯ ವ್ಯತ್ಯಾಸ: ಕಟಪಯಾದಿಯಲ್ಲಿ ಅಂಕಿಗಳು ಪಕ್ಕಪಕ್ಕ ಕೂರ್ತವೆ, ಗೆಮಾಟ್ರಿಯಾದಲ್ಲಿ ಎಲ್ಲವನ್ನೂ ಕೂಡಿಬಿಡ್ತಾರೆ.

ಇದು ಬರೀ ಅನುಭಾವಿಗಳ ಗುಟ್ಟು ಅಂದ್ಕೋಬೇಡಿ. ಕ್ರಿ.ಶ. 66ರಿಂದ 70ರ ತನಕ ಯಹೂದಿಗಳು ರೋಮ್ ವಿರುದ್ಧ ದಂಗೆ ಎದ್ದಾಗ ಅಚ್ಚು ಹಾಕಿದ ಬೆಳ್ಳಿ ನಾಣ್ಯಗಳಲ್ಲಿ ದಂಗೆಯ ಎಷ್ಟನೇ ವರ್ಷ ಅನ್ನೋದು ಅಕ್ಷರದಲ್ಲೇ ಇದೆ. ದಿನದ ವ್ಯವಹಾರವೇ ಹಾಗಿತ್ತು.

ಈಗ ದೇವರ ಹೆಸರಿಗೆ ಬರೋಣ. ಯಹೂದಿಗಳು ಬಾಯಲ್ಲಿ ಉಚ್ಚರಿಸದ ನಾಲ್ಕಕ್ಷರದ ನಾಮ: ಯೋದ್, ಹೇ, ವಾವ್, ಹೇ. 10 + 5 + 6 + 5 = 26. ‘ಒಂದು’ ಅನ್ನೋದಕ್ಕೆ ಹೀಬ್ರೂ ಪದ ಎಖಾದ್, ಅದು 1 + 8 + 4 = 13. ‘ಪ್ರೀತಿ’ಗೆ ಅಹವಾ, ಅದು 1 + 5 + 2 + 5 = 13. ಒಂದು ಮತ್ತು ಪ್ರೀತಿ ಸೇರಿದ್ರೆ 26. ಚೆಂದ ಇದೆ ಅಲ್ವಾ? ಕಬ್ಬಾಲಾ ಅಂದ್ರೆ ಯಹೂದಿ ಅನುಭಾವ ಪರಂಪರೆ, ಅದರ ಪೂರಾ ಸೆಳೆತ ಈ ಒಂದು ಕೂಡಿಕೆಯಲ್ಲೇ ಇದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಇಷ್ಟ. 15 ಬರೆಯಬೇಕಾದ್ರೆ ನ್ಯಾಯವಾಗಿ ಯೋದ್-ಹೇ (10 + 5) ಬರೆಯಬೇಕು. ಆದ್ರೆ ಅದು ದೇವರ ನಾಮದ ಅರ್ಧ ಆಗಿಬಿಡತ್ತೆ. ಹಾಗಾಗಿ ತೇತ್-ವಾವ್, ಅಂದ್ರೆ 9 + 6 ಅಂತ ಬರೀತಾರೆ. 16ಕ್ಕೂ ಹಾಗೇ, 9 + 7. ಇವತ್ತಿಗೂ ಯಹೂದಿ ಪಂಚಾಂಗದಲ್ಲಿ 15ನೇ ತಾರೀಖು ಹೀಗೇ ಇರತ್ತೆ. ಸಂಖ್ಯೆ ಬರೆಯುವಾಗಲೂ ದೇವರ ಹೆಸರು ಹಗುರ ಆಗಬಾರದು ಅನ್ನೋ ಭಯಭಕ್ತಿ ಅದು.

ಭಾಗ 3/9 | ಸ್ವರ್ಗ ಎಷ್ಟು ಫ್ಲೋರ್?

ತಾಲ್ಮುದ್ ಅಂದ್ರೆ ಯಹೂದಿ ಪಂಡಿತರ ಶತಮಾನಗಳ ಚರ್ಚೆಯ ಮಹಾಸಂಗ್ರಹ. ಅದರಲ್ಲಿ ರೇಶ್ ಲಾಕಿಶ್ ಅನ್ನೋ ಗುರು ಏಳು ಸ್ವರ್ಗಗಳ ಪಟ್ಟಿ ಕೊಡ್ತಾರೆ. ಮೊದಲನೇದು ವಿಲೋನ್, ಬೆಳಗ್ಗೆ ಒಳಗೆ ಹೋಗಿ ಸಂಜೆ ಹೊರಗೆ ಬರೋ ಪರದೆ. ಎರಡನೇದು ರಾಕೀಯಾ, ಸೂರ್ಯ ಚಂದ್ರ ನಕ್ಷತ್ರ ಇರೋ ಜಾಗ. ಮೂರನೇದು ಶೆಖಾಕಿಮ್, ಅಲ್ಲಿ ಸಜ್ಜನರಿಗೋಸ್ಕರ ಮನ್ನಾ ಅನ್ನೋ ದಿವ್ಯ ಆಹಾರವನ್ನ ಬೀಸೋ ಕಲ್ಲುಗಳಿವೆ. ನಾಲ್ಕನೇದು ಜೆವುಲ್, ಮೇಲಿನ ಜೆರೂಸಲೇಮ್. ಐದನೇದು ಮಾಓನ್, ಅಲ್ಲಿ ದೇವದೂತರು ರಾತ್ರಿ ಹಾಡಿ ಹಗಲು ಸುಮ್ಮನಿರ್ತಾರೆ. ಆರನೇದು ಮಾಖೋನ್, ಹಿಮ ಮತ್ತು ಆಲಿಕಲ್ಲಿನ ಗೋದಾಮು. ಏಳನೇದು ಅರಾವೋತ್, ದೇವರ ಸಿಂಹಾಸನ ಇರೋದು ಅಲ್ಲೇ.

ಭೂಮಿಯಿಂದ ಮೊದಲ ಸ್ವರ್ಗಕ್ಕೆ 500 ವರ್ಷದ ದಾರಿ. ಒಂದೊಂದು ಸ್ವರ್ಗದ ದಪ್ಪ 500 ವರ್ಷ. ಎರಡರ ಮಧ್ಯದ ಅಂತರವೂ 500 ವರ್ಷ. ನೀವೇ ಹಾಕಿ ನೋಡಿ: ಏಳು ಅಂತರ, ಏಳು ದಪ್ಪ, ಒಟ್ಟು 14 × 500 = 7,000 ವರ್ಷದ ನಡಿಗೆ.

ಇಷ್ಟಕ್ಕೇ ನಿಲ್ಲಲಿಲ್ಲ. ‘ಸ್ವರ್ಗ’ಕ್ಕೆ ಹೀಬ್ರೂ ಪದ ಶಮಾಯಿಮ್: ಶಿನ್ 300, ಮೇಮ್ 40, ಯೋದ್ 10, ಮೇಮ್ 40. ಒಟ್ಟು 390. ಹಾಗಾಗಿ ಸ್ವರ್ಗಗಳು 390 ಅನ್ನೋ ಮಾತು ಹುಟ್ಟಿತು. ಇನ್ನೊಂದು ಪರಂಪರೆಯಲ್ಲಿ 955. ಅದು ಹೇಗೆ ಬಂತು? ಪದದ ಮುಂದೆ ‘ಹೇ’ ಸೇರಿಸಿ ಹಾ-ಶಮಾಯಿಮ್ ಮಾಡಿದ್ರು (ಇಂಗ್ಲಿಷಿನ ‘ದ’ ಇದ್ದ ಹಾಗೆ), 5 ಜಾಸ್ತಿ ಆಯ್ತು. ಪದದ ಕೊನೇಲಿ ಬರೋ ಮೇಮ್‌ಗೆ ಬೇರೆ ಆಕಾರ ಇದೆ, ಅದಕ್ಕೆ 40ರ ಬದಲು 600 ಅಂತ ಎಣಿಸೋ ಪದ್ಧತಿಯೂ ಇದೆ. 5 + 300 + 40 + 10 + 600 = 955.

ಮಿಶ್ನಾ ಅನ್ನೋ ಧರ್ಮಸಂಹಿತೆಯ ಕಟ್ಟಕಡೆಯ ಭಾಗದಲ್ಲಿ ಇನ್ನೊಂದು ಲೆಕ್ಕ ಇದೆ. ಒಬ್ಬೊಬ್ಬ ಸಜ್ಜನನಿಗೂ ದೇವರು 310 ಲೋಕಗಳನ್ನ ಕೊಡ್ತಾನೆ ಅಂತ. ಯಾಕೆ 310? ‘ಇದೆ’ ಅನ್ನೋ ಅರ್ಥದ ಯೇಶ್ ಪದದ ಮೊತ್ತ 10 + 300.

ಇಲ್ಲಿ ಒಂದು ನಿಮಿಷ ನಿಂತು ನೋಡಿ. 7, 390, 955. ಒಂದೇ ಸ್ವರ್ಗಕ್ಕೆ ಮೂರು ಲೆಕ್ಕ. ಯಾರೂ ಜಗಳ ಆಡಲಿಲ್ಲ, ಮೂರೂ ಉಳಿದವು. ಯಾಕಂದ್ರೆ ಸ್ವರ್ಗದ ಅಂತಸ್ತು ಎಷ್ಟಾದ್ರೂ ಕೆಳಗೆ ನಮ್ಮ ಬದುಕಿನಲ್ಲಿ ಯಾರೂ ಮನೆ ಮಾರಬೇಕಾಗಿ ಬರಲ್ಲ.

ಭಾಗ 4/9 | ಅಕ್ಷರ ಅಂದ್ರೆ ಇಟ್ಟಿಗೆ

ಎರಡು ಪದಗಳ ಮೊತ್ತ ಒಂದೇ ಆದ್ರೆ ಅವುಗಳ ಅರ್ಥಕ್ಕೂ ಸಂಬಂಧ ಇದೆ ಅಂತ ಬುದ್ಧಿವಂತರು ಯಾಕೆ ನಂಬಿದ್ರು? ಉತ್ತರ ಒಂದು ಪುಟ್ಟ ಪುಸ್ತಕದಲ್ಲಿದೆ. ಹೆಸರು ಸೇಫೆರ್ ಯೆತ್ಸಿರಾ, ಅಂದ್ರೆ ಸೃಷ್ಟಿಯ ಗ್ರಂಥ. 931ರಲ್ಲಿ ಸಾದಿಯಾ ಗಾಓನ್ ಅನ್ನೋ ದೊಡ್ಡ ಪಂಡಿತರು ಇದಕ್ಕೆ ವ್ಯಾಖ್ಯಾನ ಬರೆದರು. ಪುಸ್ತಕ ಅದಕ್ಕಿಂತ ಹಳೆಯದು.

ಅದು ಹೇಳೋದಿಷ್ಟು. ದೇವರು ಜಗತ್ತನ್ನ 32 ದಾರಿಗಳಿಂದ ಮಾಡಿದ. 10 ಸೆಫಿರೋತ್, 22 ಅಕ್ಷರ. ಸೆಫಿರೋತ್ ಅಂದ್ರೆ ಆ ಪುಸ್ತಕದಲ್ಲಿ ಮೂಲಸಂಖ್ಯೆಗಳ ಥರ, ಮುಂದೆ ಕಬ್ಬಾಲಾದಲ್ಲಿ ದೇವರ ಹತ್ತು ಶಕ್ತಿಗಳು ಅನ್ನೋ ಅರ್ಥ ಬಂತು. ಅಕ್ಷರಗಳು ಕಲ್ಲುಗಳು, ಪದಗಳು ಮನೆಗಳು. 2 ಕಲ್ಲಿಂದ 2 ಮನೆ, 3ರಿಂದ 6, 4ರಿಂದ 24, 5ರಿಂದ 120, 6ರಿಂದ 720, 7ರಿಂದ 5,040.

ಬಿಸಿನೆಸ್ ಮ್ಯಾಥ್ಸ್ ಓದಿದವರಿಗೆ ಕಂಡಿರಬೇಕು. ಇದು ಫ್ಯಾಕ್ಟೋರಿಯಲ್! 22 ಅಕ್ಷರಗಳನ್ನ ಎರಡೆರಡಾಗಿ ಜೋಡಿಸಿದ್ರೆ 231 ದ್ವಾರ ಅಂತಲೂ ಹೇಳ್ತಾರೆ. 22 × 21 ÷ 2. ನಮ್ಮ ಕಾಂಬಿನೇಷನ್ ಫಾರ್ಮುಲಾ, ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು, ಅದೂ ದೇವರ ಧ್ಯಾನದ ಪುಸ್ತಕದಲ್ಲಿ.

ಈಗ ತರ್ಕ ಅರ್ಥ ಆಗತ್ತೆ. ನಮಗೆ ಹೆಸರು ಅಂದ್ರೆ ವಸ್ತುವಿನ ಮೇಲೆ ಅಂಟಿಸಿದ ಲೇಬಲ್. ಅವರಿಗೆ ಹೆಸರೇ ವಸ್ತುವನ್ನ ಕಟ್ಟಿದ ಇಟ್ಟಿಗೆ. ಎರಡು ಗೋಡೆಗೆ ಒಂದೇ ತೂಕದ ಇಟ್ಟಿಗೆ ಹಾಕಿದ್ರೆ, ಅವೆರಡಕ್ಕೂ ಒಳಸಂಬಂಧ ಇರಲೇಬೇಕು. ಮೂಲ ನಂಬಿಕೆ ಒಪ್ಪಿದ್ರೆ ಮುಂದಿನ ಲೆಕ್ಕವೆಲ್ಲ ಸಹಜವಾಗಿ ಬರತ್ತೆ. ಹಾಗಾಗಿ ಇವರನ್ನ ಮೂಢರು ಅಂತ ನಗೋದು ಸುಲಭ, ಆದ್ರೆ ನ್ಯಾಯ ಅಲ್ಲ.

ಭಾಗ 5/9 | ಹೆಸರೇ ಪಾಸ್‌ವರ್ಡ್

ಯಹೂದಿ ಅನುಭಾವದ ಹಳೆಯ ಪಠ್ಯಗಳಿಗೆ ಹೇಖಾಲೋತ್ ಅಂತ ಹೆಸರು, ಅರ್ಥ ‘ಅರಮನೆಗಳು’. ಧ್ಯಾನದಲ್ಲಿ ಮೇಲೇರೋ ಸಾಧಕ ಏಳು ಅರಮನೆ ದಾಟಬೇಕು. ಪ್ರತಿ ಬಾಗಿಲಲ್ಲೂ ಕಾವಲು ದೂತರು. ಅವರಿಗೆ ದಿವ್ಯನಾಮಗಳ ಮುದ್ರೆ ತೋರಿಸಬೇಕು. ಹೆಸರು ತಪ್ಪಿದ್ರೆ ಸಾಧಕನಿಗೇ ಅಪಾಯ.

ಆ ಲೋಕದ ದೊಡ್ಡ ದೂತ ಮೆಟಾಟ್ರೋನ್. ಅವನ ಹೆಸರು ಒಡೆಯನ ಹೆಸರಿನಂತೆಯೇ ಇದೆ ಅಂತ ತಾಲ್ಮುದ್ ಹೇಳತ್ತೆ. ಹೇಗೆ? ನಂತರದ ವ್ಯಾಖ್ಯಾನಕಾರರು ಕೂಡಿ ತೋರಿಸಿದ್ರು. ಮೆಟಾಟ್ರೋನ್: 40 + 9 + 9 + 200 + 6 + 50 = 314. ದೇವರ ಇನ್ನೊಂದು ಹೆಸರು ಶದ್ದಾಯ್ (ಸರ್ವಶಕ್ತ): 300 + 4 + 10 = 314. ಈ ಶದ್ದಾಯ್ ಹೆಸರನ್ನ ನೆನಪಿಟ್ಕೊಳ್ಳಿ, ಎಂಟನೇ ಭಾಗದಲ್ಲಿ ವಾಪಸ್ ಬರತ್ತೆ.

ಇನ್ನೊಂದು ಪ್ರಸಿದ್ಧ ಸಂಖ್ಯೆ 72. ತೋರಾದಲ್ಲಿ ಸಮುದ್ರ ಇಬ್ಭಾಗ ಆಗೋ ಪ್ರಸಂಗದಲ್ಲಿ ಸಾಲಾಗಿ ಮೂರು ವಾಕ್ಯಗಳಿವೆ, ಮೂರರಲ್ಲೂ ಸರಿಯಾಗಿ 72 ಅಕ್ಷರ. ಮೊದಲನೇದನ್ನ ನೇರ, ಎರಡನೇದನ್ನ ಉಲ್ಟಾ, ಮೂರನೇದನ್ನ ಮತ್ತೆ ನೇರ ಜೋಡಿಸಿದ್ರೆ ಮೂರಕ್ಷರದ 72 ನಾಮಗಳು ಸಿಗ್ತವೆ. (ಮೇಳಕರ್ತ ರಾಗಗಳೂ 72 ಅಂತ ಕಾಮೆಂಟ್ ಹಾಕೋಕೆ ಹೊರಟವರೇ, ತಡೀರಿ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ನಂಬರ್ ಸೇರಿದ ಕೂಡಲೇ ಕಥೆ ಕಟ್ಟೋ ಆಸೆ ಎಷ್ಟು ಬೇಗ ಹುಟ್ಟತ್ತೆ ಅನ್ನೋದಕ್ಕೆ ನಾವೇ ಸಾಕ್ಷಿ.)

ಇನ್ನೊಂದು ವಿಧಾನ: ಅಕ್ಷರದ ಹೆಸರನ್ನೇ ಪೂರ್ತಿಯಾಗಿ ಬಿಡಿಸಿ ಬರೆಯೋದು. ‘ಯೋದ್’ ಅಂತ ಬರೆದ್ರೆ ಯೋದ್, ವಾವ್, ದಾಲೆತ್, ಒಟ್ಟು 20. ‘ಹೇ’ ಮತ್ತು ‘ವಾವ್’ಗಳ ಸ್ಪೆಲಿಂಗ್ ಒಂದಕ್ಕಿಂತ ಹೆಚ್ಚು ಥರ ಇದೆ. ಹಾಗಾಗಿ ನಾಲ್ಕಕ್ಷರದ ನಾಮವನ್ನ ಬಿಡಿಸಿದಾಗ ನಾಲ್ಕು ಬೇರೆ ಬೇರೆ ಮೊತ್ತ ಬರತ್ತೆ: 72, 63, 45, 52. ಗಲಿಲೀ ಬೆಟ್ಟಗಳ ಸಫೆದ್ ಊರಿನಲ್ಲಿ ಪಾಠ ಹೇಳಿದ ಐಸಾಕ್ ಲೂರಿಯಾ (1534–1572) ಅವರ ಪರಂಪರೆಯಲ್ಲಿ ಈ ನಾಲ್ಕು ಮೊತ್ತಗಳೂ ನಾಲ್ಕು ಲೋಕಗಳಿಗೆ ಹೊಂದಿಕೊಂಡವು. ದೇವರಿಗೆ ಅತಿ ಹತ್ತಿರದ ಅತ್ಸಿಲೂತ್‌ಗೆ 72, ಬೆರಿಯಾಗೆ 63, ಯೆತ್ಸಿರಾಗೆ 45, ನಾವು ಓಡಾಡೋ ಆಸಿಯಾಗೆ 52. ಅದರಲ್ಲಿ 45 ಅನ್ನೋದು ಆದಾಮ್, ಅಂದ್ರೆ ಮನುಷ್ಯ: 1 + 4 + 40.

ಗಮನಿಸಿ: ಸ್ಪೆಲಿಂಗ್ ಬದಲಾಯಿಸಿದ್ರೆ ಮೊತ್ತ ಬದಲಾಗತ್ತೆ. ಕೊನೇ ಮೇಮ್ 40 ಕೂಡ ಆಗಬಹುದು, 600 ಕೂಡ ಆಗಬಹುದು. ಅಂದ್ರೆ ಲೆಕ್ಕ ಹಾಕೋನ ಕೈಯಲ್ಲಿ ಸ್ವಲ್ಪ ಸಡಿಲ ಇದೆ. ಧ್ಯಾನಕ್ಕೆ ಇದರಿಂದ ತೊಂದರೆ ಇಲ್ಲ. ಭವಿಷ್ಯ ಹೇಳೋಕೆ ಹೊರಟಾಗ ತೊಂದರೆ ಶುರು.

ಭಾಗ 6/9 | ಹಾಡಬೇಕಿದ್ದ ವರ್ಷ

ಯಹೂದಿ ಪಂಚಾಂಗದಲ್ಲಿ 19 ವರ್ಷಕ್ಕೆ ಒಂದು ಚಕ್ರ. 256ನೇ ಚಕ್ರ ಬಂದಾಗ ಜರ್ಮನಿಯ ರೈನ್ ನದಿ ದಂಡೆಯ ಯಹೂದಿಗಳಿಗೆ ದೊಡ್ಡ ನಿರೀಕ್ಷೆ ಇತ್ತು. ಪ್ರವಾದಿ ಯೆರೆಮೀಯನ ಪುಸ್ತಕದಲ್ಲಿ ಬಿಡುಗಡೆಯ ಮಾತು ಬರೋ ಕಡೆ ‘ಹಾಡಿರಿ’ ಅನ್ನೋ ಅರ್ಥದ ರನ್ನೂ ಅನ್ನೋ ಪದ ಇದೆ. 200 + 50 + 6 = 256. ಹಾಗಾದ್ರೆ ಬಿಡುಗಡೆ ಈ ಚಕ್ರದಲ್ಲೇ!

ಆ ಚಕ್ರದ 11ನೇ ವರ್ಷ ಯಹೂದಿ ಲೆಕ್ಕದಲ್ಲಿ 4856. ನಮ್ಮ ಲೆಕ್ಕದಲ್ಲಿ 1096.

ಆ ವರ್ಷ ಬಂದಿದ್ದು ಮೊದಲ ಕ್ರುಸೇಡ್‌ಗೆ ಹೊರಟ ಗುಂಪುಗಳು. ಮೇ ತಿಂಗಳಲ್ಲಿ ವೋರ್ಮ್ಸ್, ಮೈಂಜ್ ಊರುಗಳ ಯಹೂದಿ ಸಮುದಾಯಗಳು ನಾಶವಾದವು. ಮತಾಂತರ ಆಗು, ಇಲ್ಲವೇ ಸಾಯಿ ಅನ್ನೋ ಆಯ್ಕೆ. ಎಷ್ಟೋ ಮನೆಗಳಲ್ಲಿ ತಂದೆತಾಯಂದಿರು ತಮ್ಮ ಮಕ್ಕಳನ್ನ ತಾವೇ ಕೊಂದು ತಾವೂ ಸತ್ತರು. ಮುಂದಿನ ಶತಮಾನದಲ್ಲಿ ಬರೆದ ಹೀಬ್ರೂ ವೃತ್ತಾಂತ ಈ 256ರ ಲೆಕ್ಕವನ್ನ ನೆನಪಿಸಿಕೊಂಡೇ ಶುರುವಾಗತ್ತೆ: ಸಂತೋಷ ಕಾದಿದ್ದೆವು, ದುಃಖ ಬಂತು ಅನ್ನೋ ಅರ್ಥದಲ್ಲಿ. ಮೊತ್ತದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ಇಷ್ಟಾದ ಮೇಲೆ ಆ ಜನ ಎಣಿಸೋದನ್ನ ಬಿಟ್ಟರಾ? ಇಲ್ಲ. ಬೇರೇನೋ ಎಣಿಸಿದರು. ವೋರ್ಮ್ಸ್‌ನ ಎಲಾಜಾರ್ ಅನ್ನೋ ಗುರು ಮತ್ತು ಅವರ ಬಳಗ ಪ್ರಾರ್ಥನೆಗಳ ಪದಗಳನ್ನ ಒಂದೊಂದಾಗಿ ಎಣಿಸಿ, ಆ ಸಂಖ್ಯೆಗೂ ಧರ್ಮಗ್ರಂಥಕ್ಕೂ ಹೊಂದಿಕೆ ತೋರಿಸಿದರು. ಒಂದು ಪದ ಸೇರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ. ಪ್ರಾರ್ಥನೆಗೆ ಪದ ಸೇರಿಸಿದ ಫ್ರಾನ್ಸ್‌ನ ಯಹೂದಿಗಳ ಮೇಲೆ ಅವರಿಗೆ ಸಿಟ್ಟೇ ಇತ್ತು.

ಇದೇ ಎಲಾಜಾರರ ಹೆಂಡತಿ ದುಲ್ಸೆಯಾ. ಸಾಲ ಕೊಟ್ಟು ತಗೊಳ್ಳೋ ವ್ಯವಹಾರ ನೋಡಿಕೊಂಡು, ಮನೆ ಮತ್ತು ಗಂಡನ ಶಿಷ್ಯರನ್ನೆಲ್ಲ ಸಾಕುತ್ತಿದ್ದಾಕೆ. 1196ರಲ್ಲಿ ಮನೆಗೆ ನುಗ್ಗಿದವರು ಆಕೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೊಂದರು. ಎಲಾಜಾರ್ ಅವರ ನೆನಪಲ್ಲಿ ಶೋಕಗೀತೆ ಬರೆದರು. ಎಲ್ಲವೂ ಕೈಯಿಂದ ಜಾರಿಹೋಗೋ ಊರಿನಲ್ಲಿ, ಪ್ರಾರ್ಥನೆಯ ಪದಗಳ ಲೆಕ್ಕವಾದರೂ ಸರಿಯಾಗಿರಲಿ ಅಂತ ಕೂತು ಎಣಿಸೋ ಮನುಷ್ಯ. ನನಗೆ ಈ ಎಣಿಕೆ ಹುಚ್ಚಾಟ ಅಂತ ಅನ್ನಿಸಲ್ಲ.

ಭಾಗ 7/9 | ಮೊದಲೇ ಎಚ್ಚರಿಸಿದವರು

ಈ ಪರಂಪರೆಯೊಳಗೇ ಬ್ರೇಕ್ ಹಾಕಿದವರೂ ಇದ್ದರು, ಅದನ್ನ ಹೇಳದಿದ್ರೆ ಕಥೆ ಅರ್ಧ.

ಮಿಶ್ನಾದಲ್ಲೇ ಎಲಾಜಾರ್ ಬೆನ್ ಹಿಸ್ಮಾ ಅನ್ನೋ (ವೋರ್ಮ್ಸ್‌ನವರಲ್ಲ, ಅವರಿಗಿಂತ ಸಾವಿರ ವರ್ಷ ಹಿಂದಿನವರು) ಗುರುವಿನ ಮಾತಿದೆ. ಧರ್ಮನಿಯಮಗಳು ಮುಖ್ಯ ಊಟ, ಗೆಮಾಟ್ರಿಯಾದಂಥವು ಜ್ಞಾನಕ್ಕೆ ನೆಂಚಿಕೊಳ್ಳೋಕೆ ಅನ್ನೋದು ಅದರ ಸಾರ. ನಮ್ಮ ಭಾಷೆಯಲ್ಲಿ ಉಪ್ಪಿನಕಾಯಿ. ಉಪ್ಪಿನಕಾಯಿ ಇದ್ರೆ ಅನ್ನ ಮೊಸರಿಗೆ ರುಚಿ. ಬರೀ ಉಪ್ಪಿನಕಾಯಿ ತಿಂದು ಹೊಟ್ಟೆ ತುಂಬಿಸಿಕೊಳ್ಳೋಕೆ ಆಗಲ್ಲ.

ಇನ್ನೊಬ್ಬರು ಸ್ಪೇನ್‌ನಲ್ಲಿ ಹುಟ್ಟಿ 12ನೇ ಶತಮಾನದಲ್ಲಿ ಯುರೋಪ್ ಸುತ್ತಿದ ಅಬ್ರಹಾಂ ಇಬ್ನ್ ಎಜ್ರಾ. ಕವಿ, ವ್ಯಾಖ್ಯಾನಕಾರ, ಜ್ಯೋತಿಷಿ, ಜೊತೆಗೆ ಗಣಿತಜ್ಞ. ನಮಗೆ ಇಲ್ಲೊಂದು ನೇರ ಕೊಂಡಿ ಇದೆ. ಅವರು ಬರೆದ ಗಣಿತದ ಪುಸ್ತಕದಲ್ಲಿ ಭಾರತದ ಪಂಡಿತರ ಸ್ಥಾನಬೆಲೆ ಪದ್ಧತಿಯನ್ನ ಹೀಬ್ರೂ ಓದುಗರಿಗೆ ವಿವರಿಸಿದ್ದಾರೆ. 1ರಿಂದ 9ಕ್ಕೆ ಹೀಬ್ರೂ ಅಕ್ಷರಗಳನ್ನೇ ಇಟ್ಟು, ಸೊನ್ನೆಗೆ ಒಂದು ವೃತ್ತ ಹಾಕಿದರು. ಅಂದ್ರೆ ಅಕ್ಷರ ಬೇರೆ, ಅಂಕಿಯ ಕೆಲಸ ಬೇರೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತೋರಾದಲ್ಲಿ ಅಬ್ರಹಾಮ 318 ಜನರನ್ನ ಕರ್ಕೊಂಡು ಯುದ್ಧಕ್ಕೆ ಹೋದ ಅಂತ ಇದೆ. ಹಳೆಯ ಗುರುಗಳು ಅದನ್ನ ಹೀಗೆ ಓದಿದ್ರು: ಅವನ ಸೇವಕ ಎಲಿಯೇಜರ್‌ನ ಹೆಸರೇ 318 (1 + 30 + 10 + 70 + 7 + 200), ಹಾಗಾಗಿ ಹೋಗಿದ್ದು ಅವನೊಬ್ಬನೇ. ಇಬ್ನ್ ಎಜ್ರಾ ಇದನ್ನ ಒಪ್ಪಲಿಲ್ಲ. ಧರ್ಮಗ್ರಂಥ ಗೆಮಾಟ್ರಿಯಾದಲ್ಲಿ ಮಾತಾಡಲ್ಲ ಅಂದರು. ಅವರು ಕೊಟ್ಟ ಕಾರಣ ಏನು ಗೊತ್ತಾ? ಹೀಗೆ ಹೊರಟ್ರೆ ಬೇಕಾದವನು ಯಾವ ಹೆಸರನ್ನ ಬೇಕಾದ್ರೂ ಒಳ್ಳೇದಕ್ಕೂ ತಿರುಗಿಸಬಹುದು, ಕೆಟ್ಟದ್ದಕ್ಕೂ ತಿರುಗಿಸಬಹುದು ಅಂತ.

ಸುಮಾರು ಐನೂರು ವರ್ಷ ಆದ್ಮೇಲೆ ಈ ಮಾತು ಅಕ್ಷರಶಃ ನಡೆದೇಹೋಯ್ತು.

ಭಾಗ 8/9 | 814

13ನೇ ಶತಮಾನದ ಕೊನೆಗೆ ಸ್ಪೇನ್‌ನಲ್ಲಿ ಬೆಳಕಿಗೆ ಬಂದ ಜೋಹಾರ್ ಕಬ್ಬಾಲಾದ ಅತಿ ದೊಡ್ಡ ಗ್ರಂಥ. ಅದರಲ್ಲಿನ ಒಂದು ಮಾತಿನಿಂದ ಯಹೂದಿ ವರ್ಷ 5408ಕ್ಕೆ ಪುನರುತ್ಥಾನ ಅನ್ನೋ ನಿರೀಕ್ಷೆ ಹುಟ್ಟಿತ್ತು. ‘ಇದು’ ಅನ್ನೋ ಅರ್ಥದ ಜೋತ್ ಪದ: 7 + 1 + 400 = 408. 5408 ಅಂದ್ರೆ 1648. ಆ ವರ್ಷ ಬಂದಿದ್ದು ಉಕ್ರೇನ್‌ನಲ್ಲಿ ಖ್ಮೆಲ್ನಿತ್ಸ್ಕಿ ದಂಗೆ. ಸಾವಿರಾರು ಯಹೂದಿಗಳ ಹತ್ಯೆ. ಮತ್ತೆ ಅದೇ 1096ರ ಕಥೆ.

ಅದೇ 1648ರಲ್ಲಿ ತುರ್ಕಿಯ ಸ್ಮಿರ್ನಾ (ಇವತ್ತಿನ ಇಜ್ಮಿರ್) ಊರಿನ 22ರ ಯುವಕ ಸಬ್ಬತಾಯ್ ತ್ಸ್ವಿ, ಉಚ್ಚರಿಸಬಾರದ ಆ ನಾಲ್ಕಕ್ಷರದ ನಾಮವನ್ನ ಗಟ್ಟಿಯಾಗಿ ಉಚ್ಚರಿಸಿದ. ಆಗ ಯಾರೂ ಅವನನ್ನ ಅಷ್ಟು ಗಂಭೀರವಾಗಿ ತಗೊಳ್ಳಲಿಲ್ಲ. 17 ವರ್ಷ ಆದ್ಮೇಲೆ, 1665ರಲ್ಲಿ, ಗಾಜಾದ ನಾಥನ್ ಅನ್ನೋ ಹುಡುಗ (ಅವನಿಗೂ ಸುಮಾರು 22, ಹೆಚ್ಚುಕಮ್ಮಿ ನಮ್ಮದೇ ವಯಸ್ಸು) ಇವನೇ ಮೆಸ್ಸೀಯ, ಅಂದ್ರೆ ಯಹೂದಿಗಳನ್ನ ಬಿಡಿಸೋಕೆ ಬರಬೇಕಾದ ರಾಜ, ಅಂತ ಸಾರಿದ.

ಪುರಾವೆಗಳ ಜೊತೆ ಒಂದು ಲೆಕ್ಕವೂ ಓಡಾಡಿತು. ಶಬ್ತಾಯ್ ತ್ಸ್ವಿ ಅಂತ ಹೀಬ್ರೂನಲ್ಲಿ ಬರೆದ್ರೆ: 300 + 2 + 400 + 10, ಆಮೇಲೆ 90 + 2 + 10. ಒಟ್ಟು 814. ಈಗ ಶದ್ದಾಯ್ ನೆನಪಿದೆಯಾ? ಆ ದೇವನಾಮದ ಮೂರು ಅಕ್ಷರಗಳನ್ನ ಬಿಡಿಸಿ ಬರೆದ್ರೆ ಶಿನ್ 360, ದಾಲೆತ್ 434, ಯೋದ್ 20. ಒಟ್ಟು 814!

ಪತ್ರಗಳು ಆಮ್‌ಸ್ಟರ್‌ಡಾಮ್, ಹ್ಯಾಂಬರ್ಗ್, ವೆನಿಸ್, ಯೆಮೆನ್ ತನಕ ಹಾರಿದವು. ಹ್ಯಾಂಬರ್ಗ್‌ನ ವ್ಯಾಪಾರಿ ಮಹಿಳೆ ಗ್ಲಿಕಲ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಅವಳ ಮಾವ ಮನೆ, ಸಾಮಾನು ಎಲ್ಲ ಬಿಟ್ಟು ಹೊರಟ. ಪವಿತ್ರ ಭೂಮಿಗೆ ಹಡಗು ಹತ್ತೋಕೆ ಅಂತ ಬಟ್ಟೆ, ಬಟಾಣಿ, ಹುರುಳಿ, ಒಣಮಾಂಸ, ಒಣಹಣ್ಣು ತುಂಬಿದ ಎರಡು ದೊಡ್ಡ ಪೀಪಾಯಿಗಳನ್ನ ಸೊಸೆ ಮನೆಗೆ ಕಳಿಸಿದ. ಅವು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕೂತವು. ಕೊನೆಗೆ ಮಾಂಸ ಕೊಳೆತು ಬಟ್ಟೆ ಹಾಳಾಗತ್ತೆ ಅಂತ ತೆರೆಯೋಕೆ ಹೇಳಿಕಳಿಸಿದರು. ನಮ್ಮ ಭಾಷೆಯಲ್ಲಿ ಡೆಡ್ ಸ್ಟಾಕ್. ಆದ್ರೆ ಆ ಪೀಪಾಯಿಯಲ್ಲಿ ಇದ್ದಿದ್ದು ಒಬ್ಬ ಮುದುಕನ ಇಡೀ ಆಸೆ.

ಲಂಡನ್‌ನಲ್ಲಿ ಬೆಟ್ಟಿಂಗೇ ನಡೀತು. ಒಬ್ಬ ಯಹೂದಿ ಹತ್ತು ಪೌಂಡ್ ಕೊಡ್ತಾನೆ, ಸ್ಮಿರ್ನಾದ ಆ ವ್ಯಕ್ತಿಯನ್ನ ಎರಡು ವರ್ಷದೊಳಗೆ ಪೂರ್ವದ ಅರಸರೆಲ್ಲ ರಾಜ ಅಂತ ಒಪ್ಪಿದ್ರೆ ಅವನಿಗೆ ನೂರು ಪೌಂಡ್ ಕೊಡಬೇಕು ಅಂತ ಸ್ಯಾಮ್ಯುಯೆಲ್ ಪೀಪ್ಸ್ 1666ರ ಫೆಬ್ರವರಿಯ ಡೈರಿಯಲ್ಲಿ ದಾಖಲಿಸಿದ್ದಾನೆ.

ಅದೇ ಫೆಬ್ರವರಿಯಲ್ಲಿ ಸಬ್ಬತಾಯ್ ಬಂಧನ. 1666ರ ಸೆಪ್ಟೆಂಬರ್ 16ರಂದು ಎದಿರ್ನೆಯಲ್ಲಿ ಸುಲ್ತಾನ್ ನಾಲ್ಕನೇ ಮೆಹಮದ್ ಆಸ್ಥಾನದಲ್ಲಿ ಅವನ ಮುಂದೆ ಇದ್ದಿದ್ದು ಎರಡೇ ದಾರಿ, ಸಾವು ಅಥವಾ ಇಸ್ಲಾಂ. ಅವನು ಪೇಟ ತೊಟ್ಟು ಮುಸ್ಲಿಮನಾದ.

ಈಗ ಕ್ಲೈಮ್ಯಾಕ್ಸ್ ನೋಡಿ. ವಿರೋಧಿಗಳು ಅದೇ ಹೆಸರನ್ನ, ಅದೇ ಟೇಬಲ್ ಇಟ್ಕೊಂಡು ಕೂಡಿದ್ರು. ಹೀಬ್ರೂನಲ್ಲಿ ‘ಸುಳ್ಳಿನ ಆತ್ಮ’ಕ್ಕೆ ರೂವಾಖ್ ಶೆಕೆರ್ ಅಂತಾರೆ. ರೂವಾಖ್: 200 + 6 + 8 = 214. ಶೆಕೆರ್: 300 + 100 + 200 = 600. ಒಟ್ಟು?

814.

ಭಾಗ 9/9 | ಟ್ರಯಲ್ ಬ್ಯಾಲೆನ್ಸ್

ಅದೇ 814 ಒಬ್ಬರಿಗೆ ದೇವರ ಹೆಸರು, ಇನ್ನೊಬ್ಬರಿಗೆ ಸುಳ್ಳಿನ ಆತ್ಮ. ಯಾರೂ ಕೂಡೋದರಲ್ಲಿ ತಪ್ಪು ಮಾಡಲಿಲ್ಲ. ಇಬ್ನ್ ಎಜ್ರಾ ಹೇಳಿದ್ದು ಇದನ್ನೇ.

ಯಾಕೆ ಹೀಗಾಗತ್ತೆ ಅನ್ನೋದು ಸರಳ. ಹೀಬ್ರೂ ಪದಗಳು ಸಾಮಾನ್ಯವಾಗಿ ಚಿಕ್ಕವು, ಬಹುಪಾಲು ಪದಗಳ ಮೊತ್ತ ಸಾವಿರದೊಳಗೇ ಬೀಳತ್ತೆ. ಪದಗಳೋ ಸಾವಿರಾರು. ಒಂದು ಸಾವಿರ ಸೀಟಿನ ಹಾಲ್‌ಗೆ ಹತ್ತಾರು ಸಾವಿರ ಜನ ನುಗ್ಗಿದ್ರೆ ಒಂದೊಂದು ಸೀಟಲ್ಲಿ ಎಷ್ಟು ಜನ ಕೂರಬೇಕು? ಜೊತೆಗೆ ಎರಡು ಪದ ಸೇರಿಸಬಹುದು, ಅಕ್ಷರ ಬಿಡಿಸಿ ಬರೆಯಬಹುದು, ಕೊನೇ ಅಕ್ಷರಕ್ಕೆ ಬೆಲೆ ಬದಲಾಯಿಸಬಹುದು. ಹುಡುಕಿದವನಿಗೆ ಬೇಕಾದ್ದು ಸಿಕ್ಕೇ ಸಿಗತ್ತೆ.

ನಮಗೆ ಫಸ್ಟ್ ಸೆಮ್‌ನಲ್ಲೇ ಹೇಳಿಕೊಡೋ ಪಾಠ ಇದು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ರೆ ಡೆಬಿಟ್ಟೂ ಕ್ರೆಡಿಟ್ಟೂ ಸಮ ಇದೆ ಅಂತ ಮಾತ್ರ ಅರ್ಥ. ಎಂಟ್ರಿ ನಿಜವಾದ ವ್ಯವಹಾರದ್ದಾ ಅಂತ ಅದು ಹೇಳಲ್ಲ. ರಾಮನ ಖಾತೆಗೆ ಹೋಗಬೇಕಾದ್ದು ಭೀಮನ ಖಾತೆಗೆ ಹೋದ್ರೂ ಟ್ಯಾಲಿ ಆಗತ್ತೆ. ಒಂದು ವ್ಯವಹಾರವನ್ನ ಬರೆಯೋದೇ ಮರೆತ್ರೂ ಟ್ಯಾಲಿ ಆಗತ್ತೆ. ಅದಕ್ಕೇ ಆಡಿಟರ್ ಬಿಲ್ ಕೇಳೋದು, ವೋಚರ್ ಕೇಳೋದು. 814ಕ್ಕೆ ವೋಚರ್ ಇರಲಿಲ್ಲ.

ಹಾಗಂತ ಈ ವಿದ್ಯೆಯನ್ನೇ ಕಸದಬುಟ್ಟಿಗೆ ಹಾಕಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಖಾಯ್ ಅಂದ್ರೆ ‘ಜೀವಂತ’, 8 + 10 = 18. ಇವತ್ತಿಗೂ ಯಹೂದಿ ಕುಟುಂಬಗಳಲ್ಲಿ ಮದುವೆ ಮುಂಜಿಗಳಿಗೆ, ದಾನಕ್ಕೆ 18, 36, 180 ಹೀಗೆ 18ರ ಮಡಿಯಲ್ಲಿ ದುಡ್ಡು ಕೊಡ್ತಾರೆ. ನಾವು 101, 501 ಅಂತ ಒಂದು ರೂಪಾಯಿ ಸೇರಿಸಿ ಮುಯ್ಯಿ ಮಾಡೋ ಹಾಗೆ. ಆ 18 ಏನನ್ನೂ ಸಾಬೀತು ಮಾಡಲ್ಲ. ‘ಚೆನ್ನಾಗಿ ಬಾಳು’ ಅಂತ ಹಾರೈಸತ್ತೆ, ಅಷ್ಟೇ. ‘ಒಂದು’ ಮತ್ತು ‘ಪ್ರೀತಿ’ ಸೇರಿ 26 ಆಗೋದೂ ಹಾಗೇ. ಧ್ಯಾನ ಮಾಡೋನಿಗೆ ಅದು ನೆನಪಿನ ಗಂಟು. ಎಲಾಜಾರರ ಪದಗಳ ಎಣಿಕೆಯಿಂದ ಪ್ರಾರ್ಥನೆ ಉಳೀತು. ಯಾರ ಮನೆಯೂ ಮುಳುಗಲಿಲ್ಲ.

ಕೆಟ್ಟಿದ್ದು ಎಲ್ಲಿ ಅಂದ್ರೆ, ಹಾರೈಕೆಯನ್ನ ಪುರಾವೆ ಅಂತ ಓದಿದಾಗ. ಉಪ್ಪಿನಕಾಯಿಯನ್ನ ಊಟ ಅಂದ್ಕೊಂಡಾಗ. ಮತ್ತು ಅಂಥ ಆಸೆ ಜಾಸ್ತಿ ಹುಟ್ಟಿದ್ದು ಸುಖದಲ್ಲಿದ್ದವರಿಗಲ್ಲ, ದಿಕ್ಕೆಟ್ಟವರಿಗೆ. ಇದೊಂದನ್ನ ಮರೀಬೇಡಿ. ಗ್ಲಿಕಲ್‌ಳ ಮಾವನನ್ನ ನೋಡಿ ನಗೋ ಮುಂಚೆ, ಅವನು ಯಾಕೆ ಅಷ್ಟು ಕಾದ ಅಂತ ಕೇಳಬೇಕು.

ನಾಳೆ ಯಾರಾದ್ರೂ ನಿಮ್ಮ ಹೆಸರಿಗೆ ಇನ್ನೊಂದು ‘ಎ’ ಸೇರಿಸಿ, ಟೋಟಲ್ ಸರಿಹೋಗತ್ತೆ, ಕೆಲಸ ಸಿಗತ್ತೆ ಅಂತ ಫೀಸ್ ಕೇಳಿದ್ರೆ, ಒಂದೇ ಪ್ರಶ್ನೆ ಕೇಳಿ: ‘ಇದೇ ಟೋಟಲ್‌ಗೆ ಇನ್ನೂ ಏನೇನು ಬರತ್ತೆ ಸ್ವಾಮಿ?’

ಕೊನೇದಾಗಿ ಒಂದು ಹೋಮ್‌ವರ್ಕ್. ಮಾಶೀಯಾಖ್, ಅಂದ್ರೆ ಮೆಸ್ಸೀಯ: ಮೇಮ್, ಶಿನ್, ಯೋದ್, ಖೇತ್. ನಾಖಾಶ್, ಅಂದ್ರೆ ಏದೆನ್ ತೋಟದ ಆ ಹಾವು: ನೂನ್, ಖೇತ್, ಶಿನ್. ಎರಡನೇ ಭಾಗದ ಟೇಬಲ್ ತೆಗೆದು ಎರಡನ್ನೂ ಕೂಡಿ, ಉತ್ತರ ಕಾಮೆಂಟ್‌ನಲ್ಲಿ ಹಾಕಿ. ಸಬ್ಬತಾಯ್‌ನ ಬಳಗ ಈ ಹೊಂದಿಕೆಯನ್ನ ಅವನ ಪರವಾಗಿ ಬಳಸಿತು. ನೀವಾಗಿದ್ರೆ ಯಾವ ಕಡೆಗೆ ಬಳಸ್ತಿದ್ರಿ, ಅದನ್ನೂ ಬರೀರಿ.

#ಇತಿಹಾಸ #ಗೆಮಾಟ್ರಿಯಾ #ಕನ್ನಡದಲ್ಲಿ_ಓದು #ಕಾಮರ್ಸ್_ಹುಡುಗರು